ಪಿ.ಟಿ. ಪೀರಿಯಡ್ ಬಿಡಿಸಿ ಓದಿಸಿದರೆ ಅಂಕ ಹೆಚ್ಚುತ್ತದೆಯೇ?

ಜನವರಿ ಬಂತೆಂದರೆ ಅನೇಕ ಶಾಲೆಗಳ ಹತ್ತನೇ ತರಗತಿಯಲ್ಲಿ ಒಂದು ಬದಲಾವಣೆ ಸದ್ದಿಲ್ಲದೆ ಆಗಿಬಿಡುತ್ತದೆ. ಗೋಡೆಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ‘ದೈಹಿಕ ಶಿಕ್ಷಣ’ ಎಂದೇ ಇರುತ್ತದೆ, ಆದರೆ ಬೆಲ್ ಹೊಡೆದ ಮೇಲೆ ಒಳಗೆ ಬರುವವರು ಗಣಿತದ ಮೇಷ್ಟ್ರು ಅಥವಾ ವಿಜ್ಞಾನದ ಮೇಡಂ. ಪೋರ್ಷನ್ ಮುಗಿಯಬೇಕು, ರಿವಿಷನ್ ಆಗಬೇಕು, ಪರೀಕ್ಷೆ ಹತ್ತಿರ ಬಂದಿದೆ. ಮನೆಯಲ್ಲೂ ಯಾರೂ ತಕರಾರು ಮಾಡುವುದಿಲ್ಲ. “ಪರೀಕ್ಷೆ ಮುಗೀಲಿ, ಆಮೇಲೆ ಎಷ್ಟು ಬೇಕಾದ್ರೂ ಆಡ್ಕೋ” ಎಂಬ ಮಾತು ಕೇಳದೆ ಬೆಳೆದ ಮಕ್ಕಳು ನಮ್ಮಲ್ಲಿ ಕಡಿಮೆ.

ಇದರ ಹಿಂದೆ ಒಂದು ಸರಳ ಲೆಕ್ಕವಿದೆ. ಆಟಕ್ಕೆ ಹೋದ ಪ್ರತಿ ನಿಮಿಷವೂ ಓದಿನಿಂದ ಕಳೆದ ನಿಮಿಷ. ಕೇಳಲು ಸರಿ ಅನಿಸುತ್ತದೆ. ಆದರೆ ಇದು ಪರೀಕ್ಷಿಸಿ ನೋಡಬಹುದಾದ ಮಾತು. ಕಳೆದ ಐವತ್ತು ವರ್ಷಗಳಲ್ಲಿ ಬೇರೆ ಬೇರೆ ದೇಶಗಳ ಸಂಶೋಧಕರು ಅದನ್ನು ನಿಜವಾದ ಶಾಲೆಗಳಲ್ಲೇ ಪರೀಕ್ಷಿಸಿದ್ದಾರೆ. ಅವರಿಗೆ ಸಿಕ್ಕ ಉತ್ತರವೇನು? ಅದರ ಜೊತೆಗೆ ನಮ್ಮ ನಡುವೆ ಓಡಾಡುತ್ತಿರುವ ಉತ್ಪ್ರೇಕ್ಷೆಗಳೇನು? ಎರಡನ್ನೂ ನೋಡೋಣ.

ಪಾಠದ ಸಮಯ ಕಡಿತ ಮಾಡಿದ ಪ್ರಯೋಗ

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಟ್ರುವಾ-ರಿವಿಯೇರ್ ಎಂಬ ಊರಿದೆ. ರಾಯ್ ಶೆಫರ್ಡ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಅಲ್ಲಿ 546 ಪ್ರಾಥಮಿಕ ಶಾಲಾ ಮಕ್ಕಳ ಮೇಲೆ ಒಂದು ದೀರ್ಘ ಅಧ್ಯಯನ ನಡೆಸಿದರು. ಒಂದು ಗುಂಪಿನ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ, ಅಂದರೆ ವಾರಕ್ಕೆ ಐದು ಗಂಟೆ ಹೆಚ್ಚುವರಿ ದೈಹಿಕ ಶಿಕ್ಷಣ ಕೊಟ್ಟರು. ಈ ಸಮಯವನ್ನು ಶಾಲೆ ಬಿಟ್ಟ ಮೇಲಿನ ಹೊತ್ತಿನಿಂದ ತೆಗೆದುಕೊಳ್ಳಲಿಲ್ಲ. ಪಾಠದ ಸಮಯದಿಂದಲೇ ಕಡಿತ ಮಾಡಿದರು. ಹೀಗಾಗಿ ಈ ಮಕ್ಕಳಿಗೆ ಉಳಿದ ವಿಷಯಗಳ ಬೋಧನೆ ಶೇ. 13–14ರಷ್ಟು ಕಡಿಮೆಯಾಯಿತು. ಅದೇ ಶಾಲೆಗಳ ಹಿಂದಿನ ಮತ್ತು ಮುಂದಿನ ಬ್ಯಾಚಿನ ಮಕ್ಕಳೊಂದಿಗೆ ಇವರನ್ನು ಹೋಲಿಸಿದರು.

ಆ ಸರಳ ಲೆಕ್ಕ ನಿಜವಾಗಿದ್ದರೆ ಈ ಮಕ್ಕಳ ಅಂಕ ಇಳಿಯಬೇಕಿತ್ತು. ಇಳಿಯಲಿಲ್ಲ. ಮೊದಲ ವರ್ಷ ಹೆಚ್ಚು ಪಾಠ ಕೇಳಿದವರೇ ತುಸು ಮುಂದಿದ್ದರು. ಎರಡನೇ ತರಗತಿಯಿಂದ ಮುಂದಕ್ಕೆ ಹೆಚ್ಚು ಆಡಿದವರ ಫಲಿತಾಂಶ ಉಳಿದವರಿಗೆ ಸಮನಾಗಿತ್ತು ಅಥವಾ ಮೇಲಿತ್ತು. ಇದು ಹಳೆಯ ಅಧ್ಯಯನ. ಮಕ್ಕಳನ್ನು ಲಾಟರಿ ಎತ್ತಿದಂತೆ ಗುಂಪು ಮಾಡಿರಲಿಲ್ಲ ಎಂಬ ಕೊರತೆ ಇದಕ್ಕಿದೆ. ಆದರೆ ಆಮೇಲೆ ಬಂದ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2010ರಲ್ಲಿ ಇಂಥ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿತು. ದೈಹಿಕ ಚಟುವಟಿಕೆಗೂ ಕಲಿಕೆಗೂ ಇರುವ ನಂಟನ್ನು ಒಟ್ಟು 251 ಕಡೆ ಅಳೆಯಲಾಗಿತ್ತು. ಅವುಗಳಲ್ಲಿ ಅರ್ಧದಷ್ಟು ಕಡೆ ಒಳ್ಳೆಯ ಪರಿಣಾಮ ಕಂಡಿತು. ಉಳಿದ ಬಹುಪಾಲು ಕಡೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕೆಟ್ಟ ಪರಿಣಾಮ ಕಂಡದ್ದು ಸುಮಾರು ಶೇ. 1.5ರಷ್ಟು ಕಡೆ ಮಾತ್ರ.

ಆಟದಿಂದ ಅಂಕ ಹೆಚ್ಚಿತು ಎನ್ನುವುದಕ್ಕೆ ಮಿಶ್ರ ಪುರಾವೆ ಇದೆ, ಆಟದಿಂದ ಅಂಕ ಕಡಿಮೆಯಾಯಿತು ಎನ್ನುವುದಕ್ಕೆ ಪುರಾವೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಮ್ಮ ಶಾಲೆಗಳ ಮಟ್ಟಿಗೆ ಎರಡನೆಯ ಮಾತೇ ಮುಖ್ಯ. ಏಕೆಂದರೆ ಪಿ.ಟಿ. ಪೀರಿಯಡ್ ರದ್ದಾಗುವುದು ಆ ನಷ್ಟದ ಭಯದಿಂದಲೇ.

ವಾಟ್ಸಾಪ್‌ನಲ್ಲಿ ಬರುವ ಆ ಕೆಂಪು-ನೀಲಿ ಮೆದುಳಿನ ಚಿತ್ರ

ನೀವೂ ನೋಡಿರಬಹುದು. ಎರಡು ಮೆದುಳಿನ ಚಿತ್ರಗಳು. ಒಂದರ ಕೆಳಗೆ ‘ಸುಮ್ಮನೆ ಕುಳಿತ ನಂತರ’ ಎಂದಿದೆ, ಅದು ಬಹುತೇಕ ನೀಲಿ. ಇನ್ನೊಂದರ ಕೆಳಗೆ ‘20 ನಿಮಿಷ ನಡೆದ ನಂತರ’ ಎಂದಿದೆ, ಅದರಲ್ಲಿ ಕೆಂಪು, ಹಳದಿ ತುಂಬಿದೆ. ನಡೆದರೆ ಮೆದುಳು ‘ಆನ್’ ಆಗುತ್ತದೆ, ಕುಳಿತರೆ ‘ಆಫ್’ ಆಗುತ್ತದೆ ಎಂಬ ಅರ್ಥ ಬರುವಂತೆ ಇದನ್ನು ಹಂಚಲಾಗುತ್ತದೆ.

ಚಿತ್ರ ಸುಳ್ಳಲ್ಲ. ಅದು ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಿಲ್‌ಮನ್ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದ್ದು. ಸುಮಾರು ಒಂಬತ್ತೂವರೆ ವರ್ಷದ 20 ಮಕ್ಕಳು ಒಂದು ದಿನ ಟ್ರೆಡ್‌ಮಿಲ್ ಮೇಲೆ 20 ನಿಮಿಷ ಬಿರುಸಾಗಿ ನಡೆದರು, ಇನ್ನೊಂದು ದಿನ ಸುಮ್ಮನೆ ಕುಳಿತರು. ಎರಡೂ ದಿನ ಆಮೇಲೆ ಅವರಿಗೆ ಒಂದು ಪರೀಕ್ಷೆ. ಸಾಲಿನ ನಡುವೆ ಇರುವ ಚಿಹ್ನೆ ಯಾವ ಕಡೆ ಮುಖ ಮಾಡಿದೆ ಎಂದು ಬೇಗ ಹೇಳಬೇಕು. ಅಕ್ಕಪಕ್ಕದ ಚಿಹ್ನೆಗಳು ಬೇಕೆಂದೇ ದಾರಿ ತಪ್ಪಿಸುತ್ತವೆ. ನಡೆದ ದಿನ ಮಕ್ಕಳ ಉತ್ತರಗಳು ಹೆಚ್ಚು ಸರಿಯಾಗಿದ್ದವು. ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆಯಲ್ಲೂ ಅಂಕ ಹೆಚ್ಚು ಬಂತು.

ಚಿತ್ರದ ಬಣ್ಣಗಳು ಏನು ಹೇಳುತ್ತವೆ? ಅದು ಸ್ಕ್ಯಾನಿಂಗ್ ಯಂತ್ರದಲ್ಲಿ ತೆಗೆದ ಫೋಟೊ ಅಲ್ಲ. ತಲೆಗೆ ಎಲೆಕ್ಟ್ರೋಡ್ ಇರುವ ಟೋಪಿ ಹಾಕಿ, ಪರೀಕ್ಷೆಯ ಹೊತ್ತಿನಲ್ಲಿ ಗಮನಕ್ಕೆ ಸಂಬಂಧಿಸಿದ ಒಂದು ವಿದ್ಯುತ್ ಅಲೆ ಎಷ್ಟು ಜೋರಾಗಿದೆ ಎಂದು ಅಳೆದು, 20 ಮಕ್ಕಳ ಸರಾಸರಿಯನ್ನು ಬಣ್ಣಗಳಲ್ಲಿ ತೋರಿಸಿದ್ದಾರೆ. ನೀಲಿ ಎಂದರೆ ಮೆದುಳು ಮಲಗಿದೆ ಎಂದಲ್ಲ, ಆ ಒಂದು ಅಲೆ ಸಣ್ಣದಿದೆ ಎಂದಷ್ಟೇ. ಚಿತ್ರ ಹೇಳುವುದು ಸಣ್ಣ ಮಾತು, ಆದರೆ ಬೆಲೆಯುಳ್ಳ ಮಾತು. ಸ್ವಲ್ಪ ಹೊತ್ತಿನ ಬಿರುಸು ನಡಿಗೆಯ ಬೆನ್ನಿಗೇ ಮಕ್ಕಳು ಬೇಕಾದ್ದರ ಮೇಲೆ ಗಮನ ಇಟ್ಟು, ಬೇಡವಾದದ್ದನ್ನು ಬದಿಗೆ ತಳ್ಳುವುದರಲ್ಲಿ ಮೇಲಾಗಿದ್ದರು.

ನಮ್ಮ ತರಗತಿಯಲ್ಲಿ ಈ ಸಾಮರ್ಥ್ಯಕ್ಕೆ ಎಷ್ಟು ಕೆಲಸವಿದೆ ಎಂದು ಯೋಚಿಸಿ. ಒಂದು ಬೆಂಚಿಗೆ ಮೂರೋ ನಾಲ್ಕೋ ಮಕ್ಕಳು. ಪಕ್ಕದ ಕೋಣೆಯಿಂದ ಮಗ್ಗಿ ಹೇಳುವ ದನಿ, ಕಿಟಕಿಯಾಚೆ ರಸ್ತೆಯ ಸದ್ದು. ಇದರ ನಡುವೆ ಕಪ್ಪುಹಲಗೆಯ ಮೇಲಿನ ಸಮೀಕರಣಕ್ಕೆ ಕಣ್ಣು ನೆಡಬೇಕು.

ಮೈ ಕದಲಿದರೆ ತಲೆಯೊಳಗೆ ಆಗುವುದೇನು?

ಇದನ್ನು ಎರಡು ಭಾಗವಾಗಿ ನೋಡಬೇಕು. ಒಂದು, ವ್ಯಾಯಾಮದ ಬೆನ್ನಿಗೇ ಆಗುವ ಬದಲಾವಣೆ. ಎದೆಬಡಿತ ಏರುತ್ತದೆ. ಎಚ್ಚರ ಮತ್ತು ಹುಮ್ಮಸ್ಸಿಗೆ ಸಂಬಂಧಿಸಿದ ನಾರ್‌ಅಡ್ರಿನಲಿನ್, ಡೋಪಮಿನ್‌ನಂಥ ರಾಸಾಯನಿಕಗಳ ಕೆಲಸ ಮೆದುಳಿನಲ್ಲಿ ಚುರುಕಾಗುತ್ತದೆ. ಮಧ್ಯಾಹ್ನದ ಊಟ ಮುಗಿಸಿ ತೂಕಡಿಸುತ್ತಿದ್ದ ಮಗು ಮತ್ತೆ ಎಚ್ಚರಗೊಳ್ಳುತ್ತದೆ. ಈ ಪರಿಣಾಮ ಸ್ವಲ್ಪ ಹೊತ್ತಿನದು. ಮುಂದಿನ ಪಾಠಕ್ಕೆ ಸಿಗುತ್ತದೆ, ನಾಳೆಗೆ ಉಳಿಯುವುದಿಲ್ಲ.

ಇನ್ನೊಂದು, ತಿಂಗಳುಗಟ್ಟಲೆ ಆಡಿದಾಗ ನಿಧಾನವಾಗಿ ಆಗುವ ಬದಲಾವಣೆ. ಮೆದುಳಿನ ಆಳದಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಹೊಸ ನೆನಪುಗಳನ್ನು ಕಟ್ಟುವುದರಲ್ಲಿ ಅದರ ಪಾತ್ರ ದೊಡ್ಡದು. ಗಾಲಿಯಲ್ಲಿ ಓಡಲು ಬಿಟ್ಟ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹೆಚ್ಚಾಗಿ ಹುಟ್ಟುತ್ತವೆ ಎಂದು ಹೆನ್ರಿಯೆಟ್ ವಾನ್ ಪ್ರಾಗ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ನರಕೋಶಗಳ ಬೆಳವಣಿಗೆಗೆ ಗೊಬ್ಬರದಂತೆ ಒದಗುವ ಬಿಡಿಎನ್‌ಎಫ್ ಎಂಬ ಪ್ರೋಟೀನ್ ವ್ಯಾಯಾಮದಿಂದ ಹೆಚ್ಚುತ್ತದೆ ಎಂಬುದೂ ಗೊತ್ತಾಗಿದೆ.

ಮಕ್ಕಳಲ್ಲಿ? 2010ರಲ್ಲಿ ಇಲಿನಾಯ್‌ನ ತಂಡವೇ 9–10 ವರ್ಷದ 49 ಮಕ್ಕಳ ಮೆದುಳಿನ ಎಂಆರ್‌ಐ ತೆಗೆದು ನೋಡಿತು. ಓಡಿದರೆ ಬೇಗ ಸುಸ್ತಾಗದ, ಒಳ್ಳೆಯ ದಮ್ಮು ಇರುವ ಮಕ್ಕಳ ಹಿಪೊಕ್ಯಾಂಪಸ್ ಸರಾಸರಿಯಲ್ಲಿ ದೊಡ್ಡದಿತ್ತು, ಒಂದು ಬಗೆಯ ನೆನಪಿನ ಪರೀಕ್ಷೆಯಲ್ಲಿ ಅವರು ಮುಂದಿದ್ದರು. ಆದರೆ ದಮ್ಮು ಇದ್ದುದರಿಂದಲೇ ಹೀಗಾಯಿತು ಎಂದು ಈ ಅಧ್ಯಯನದಿಂದ ಹೇಳಲಾಗದು. ಒಳ್ಳೆಯ ಊಟ, ನಿದ್ದೆ, ಮನೆಯ ವಾತಾವರಣ ಎರಡಕ್ಕೂ ಕಾರಣವಾಗಿರಬಹುದು.

ಆ ಸಂದೇಹ ನೀಗಲು ಚೀಟಿ ಎತ್ತಿ ಗುಂಪು ಮಾಡುವ ಪ್ರಯೋಗ ಬೇಕು. 2014ರಲ್ಲಿ ಪ್ರಕಟವಾದ ‘ಫಿಟ್‌ಕಿಡ್ಸ್’ ಪ್ರಯೋಗ ಅಂಥದ್ದು. 7ರಿಂದ 9 ವರ್ಷದ 221 ಮಕ್ಕಳಲ್ಲಿ ಒಂದು ಗುಂಪು ಒಂಬತ್ತು ತಿಂಗಳು ಶಾಲೆ ಬಿಟ್ಟ ಮೇಲೆ ಆಟದ ಕಾರ್ಯಕ್ರಮಕ್ಕೆ ಬಂತು. ಇನ್ನೊಂದು ಗುಂಪು ಕಾಯುವ ಪಟ್ಟಿಯಲ್ಲಿತ್ತು. ಕೊನೆಗೆ ನೋಡಿದಾಗ ಆಡಿದ ಮಕ್ಕಳು ಮನಸ್ಸಿಗೆ ಕಡಿವಾಣ ಹಾಕುವುದರಲ್ಲಿ, ಒಂದು ನಿಯಮದಿಂದ ಇನ್ನೊಂದಕ್ಕೆ ಸಲೀಸಾಗಿ ಹೊರಳುವುದರಲ್ಲಿ ಹೆಚ್ಚು ಸುಧಾರಿಸಿದ್ದರು. ಹೆಚ್ಚು ದಿನ ಹಾಜರಾದವರಲ್ಲಿ ಸುಧಾರಣೆಯೂ ಹೆಚ್ಚಿತ್ತು.

ಹಾಗಾದರೆ ಆಡಿದರೆ ಫಸ್ಟ್ ಕ್ಲಾಸ್ ಖಾತ್ರಿಯೇ?

ಖಾತ್ರಿಯಿಲ್ಲ. ಇಲ್ಲಿ ಎಚ್ಚರಿಕೆಯಿಂದ ಮಾತಾಡಬೇಕು.

ನೆದರ್‌ಲ್ಯಾಂಡ್ಸ್‌ನಲ್ಲಿ 12 ಶಾಲೆಗಳ 499 ಮಕ್ಕಳೊಂದಿಗೆ ಎರಡು ವರ್ಷ ಒಂದು ಪ್ರಯೋಗ ನಡೆಯಿತು. ವಾರಕ್ಕೆ ಮೂರು ಸಲ, 20–30 ನಿಮಿಷ, ಗಣಿತ ಮತ್ತು ಭಾಷೆಯ ಅಭ್ಯಾಸವನ್ನು ಮೈ ಕದಲಿಸುತ್ತಲೇ ಮಾಡಿಸಿದರು. ಉದಾಹರಣೆಗೆ, ಒಂದು ಪದದ ಸ್ಪೆಲ್ಲಿಂಗ್ ಹೇಳುವಾಗ ಪ್ರತಿ ಅಕ್ಷರಕ್ಕೂ ಒಂದು ಜಿಗಿತ. ಎರಡು ವರ್ಷದ ಕೊನೆಗೆ ಗಣಿತ ಮತ್ತು ಸ್ಪೆಲ್ಲಿಂಗ್‌ನಲ್ಲಿ ಈ ಮಕ್ಕಳು ಇತರರಿಗಿಂತ ನಾಲ್ಕು ತಿಂಗಳಿಗೂ ಹೆಚ್ಚಿನ ಕಲಿಕೆಯಷ್ಟು ಮುಂದಿದ್ದರು. ಓದುವುದರಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಫಲಿತಾಂಶ ಪ್ರಕಟವಾದದ್ದು 2016ರಲ್ಲಿ.

ಮರುವರ್ಷವೇ ಅಮೆರಿಕದ ಇನ್ನೊಂದು ಪ್ರಯೋಗದ ಫಲಿತಾಂಶ ಬಂತು. 17 ಶಾಲೆ, 584 ಮಕ್ಕಳು, ಮೂರು ವರ್ಷ. ಪಾಠದೊಳಗೇ ಚಲನೆ ಬೆರೆಸುವ ಇದೇ ಬಗೆಯ ಪದ್ಧತಿ. ಅಂಕಗಳಲ್ಲಿ ವ್ಯತ್ಯಾಸ ಸಿಗಲಿಲ್ಲ. ವಾರಕ್ಕೆ 100 ನಿಮಿಷ ಚಲನೆ ಇರಬೇಕೆಂಬ ಗುರಿ ಇತ್ತು, ಆದರೆ ತರಗತಿಗಳಲ್ಲಿ ನಿಜವಾಗಿ ಆದದ್ದು ಅದಕ್ಕಿಂತ ಬಹಳ ಕಡಿಮೆ. ಕಾರಣ ಅದೇ ಇರಬಹುದು, ಇಲ್ಲದಿರಲೂಬಹುದು. ಆದರೂ ಒಂದನ್ನು ಗಮನಿಸಿ: ಪಾಠದ ನಡುವೆ ಮಕ್ಕಳು ಕುಣಿದಾಡಿದರೂ ಮೂರು ವರ್ಷದಲ್ಲಿ ಅಂಕ ಇಳಿಯಲಿಲ್ಲ.

ಆಟದಿಂದ ಗಮನಕ್ಕೆ ಆಗುವ ಲಾಭ ಅನೇಕ ಕಡೆ ಕಂಡಿದೆ. ಅಂಕಕ್ಕೆ ಆಗುವ ಲಾಭ ಕೆಲವು ಕಡೆ ಕಂಡಿದೆ, ಅದರಲ್ಲೂ ಗಣಿತದಲ್ಲಿ. ಆಟ ಪಾಠಕ್ಕೆ ಬದಲಿಯಂತೂ ಅಲ್ಲ. ಭಿನ್ನರಾಶಿ ಅರ್ಥವಾಗಬೇಕಾದರೆ ಯಾರಾದರೂ ಕೂತು ಚೆನ್ನಾಗಿ ಹೇಳಿಕೊಡಲೇಬೇಕು. ಹೇಳಿಕೊಡುವ ಹೊತ್ತಿಗೆ ಮಗು ಎಚ್ಚರವಾಗಿರಲು ಆಟ ನೆರವಾಗುತ್ತದೆ.

ನಂಬಬೇಕಿಲ್ಲದ ನಾಲ್ಕು ಮಾತುಗಳು

1. “ಎಡಗೈ ಬಲ ಮೊಣಕಾಲಿಗೆ ಮುಟ್ಟಿಸಿದರೆ ಮೆದುಳಿನ ಎರಡೂ ಭಾಗ ಜೋಡಣೆಯಾಗುತ್ತವೆ.” ಇದು 1980ರ ದಶಕದಲ್ಲಿ ಅಮೆರಿಕದ ಪಾಲ್ ಡೆನಿಸನ್ ಮತ್ತು ಗೇಲ್ ಡೆನಿಸನ್ ದಂಪತಿ ಹರಡಿದ ‘ಬ್ರೈನ್ ಜಿಮ್’ ಪದ್ಧತಿಯ ವಾದ. ಎದೆಯ ಮೇಲಿನ ಕೆಲವು ಜಾಗಗಳನ್ನು ಉಜ್ಜಿದರೆ ಮೆದುಳಿಗೆ ರಕ್ತ ಹೆಚ್ಚು ಹೋಗುತ್ತದೆ ಎಂದೂ ಅದರಲ್ಲಿದೆ. ನಮ್ಮ ಮೆದುಳಿನ ಎರಡು ಭಾಗಗಳು ಕೋಟ್ಯಂತರ ನರತಂತುಗಳಿಂದ ಸದಾ ಜೋಡಣೆಯಾಗಿಯೇ ಇರುತ್ತವೆ; ಅದಕ್ಕೆ ಮೊಣಕಾಲಿನ ಸಹಾಯ ಬೇಕಿಲ್ಲ. ಈ ವಾದಗಳಿಗೆ ಗಟ್ಟಿ ಪುರಾವೆ ಸಿಕ್ಕಿಲ್ಲ ಎಂದು 2007ರಲ್ಲಿ ಕೀತ್ ಹಯಾಟ್ ಮಾಡಿದ ವಿಮರ್ಶೆ ಹೇಳಿತು. ಆ ವ್ಯಾಯಾಮಗಳಿಂದ ಮೈ ಸಡಿಲವಾದರೆ ಒಳ್ಳೆಯದೇ. ಆದರೆ ಅದರ ಹೆಸರಿನಲ್ಲಿ ಶಾಲೆಗೆ ದುಬಾರಿ ತರಬೇತಿ ಮಾರಲು ಬಂದರೆ ಎರಡು ಸಲ ಯೋಚಿಸಿ.

2. “ಕಿವಿ ಹಿಡಿದು ಬಸ್ಕಿ ಹೊಡೆದರೆ ಬುದ್ಧಿ ಚುರುಕಾಗುತ್ತದೆ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು.” ಈ ಮಾತು ‘ಸೂಪರ್ ಬ್ರೈನ್ ಯೋಗ’ ಎಂಬ ಹೆಸರಿನಲ್ಲಿ ಜನಪ್ರಿಯವಾಯಿತು. ಆ ಹೆಸರಿನ ಪುಸ್ತಕ ಬರೆದವರು ಫಿಲಿಪೀನ್ಸ್‌ನ ಚೋವಾ ಕೋಕ್ ಸೂಯಿ. ಬಸ್ಕಿ ಒಳ್ಳೆಯ ವ್ಯಾಯಾಮ, ತೊಡೆಗೆ ಬಲ ಬರುತ್ತದೆ, ಎದೆಬಡಿತ ಏರುತ್ತದೆ. ಆದರೆ ಕಿವಿಯ ಹಾಲೆಯಲ್ಲಿ ಮೆದುಳಿನ ಸ್ವಿಚ್ ಇದೆ ಎನ್ನುವುದಕ್ಕೆ ಆಧಾರವಿಲ್ಲ. ಗಣಪತಿಯ ಮುಂದೆ ಭಕ್ತಿಯಿಂದ ಬಸ್ಕಿ ಹಾಕುವುದು ಬೇರೆ ವಿಷಯ. ಹೋಂವರ್ಕ್ ಮಾಡದ ಮಗುವಿಗೆ ಎಲ್ಲರ ಮುಂದೆ ಐವತ್ತು ಬಸ್ಕಿ ಹೊಡೆಸಿ ‘ಮೆದುಳಿಗೆ ಒಳ್ಳೆಯದು’ ಎನ್ನುವುದು ಶಿಕ್ಷೆಗೆ ವಿಜ್ಞಾನದ ಬಣ್ಣ ಹಚ್ಚಿದಂತೆ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ.

3. “ಕೈಕಾಲು ಆಡಿಸುವ ಮಗುವಿಗೆ ಪಾಠದ ಕಡೆ ಗಮನ ಇಲ್ಲ.” ಅಲುಗಾಡದೆ ಕುಳಿತ ಮಗುವಿನ ಮನಸ್ಸು ಎಲ್ಲಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಪ್ರಾಥಮಿಕ ಶಾಲೆಯ 243 ಮಕ್ಕಳೊಂದಿಗೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೊಮ್ಮೆ ತರಗತಿಯಲ್ಲೇ ಸುಮಾರು 10 ನಿಮಿಷ ಚಟುವಟಿಕೆ ಮಾಡಿಸಿದರು. ಆಮೇಲೆ ಪಾಠದಲ್ಲಿ ತೊಡಗಿರುವ ಮಕ್ಕಳ ಪ್ರಮಾಣ ಏರಿತು. ಮೊದಲು ಅತಿ ಕಡಿಮೆ ಗಮನ ಕೊಡುತ್ತಿದ್ದ ಮಕ್ಕಳಲ್ಲೇ ಅತಿ ಹೆಚ್ಚು ಸುಧಾರಣೆ ಕಂಡಿತು. ‘ತಂಟೆ ಮಾಡ್ತಾನೆ’ ಎಂದು ಪಿ.ಟಿ.ಗೆ ಬಿಡದೆ ಕೂರಿಸುವಾಗ ನಾವು ಬಹುಶಃ ಅದು ಅತಿ ಹೆಚ್ಚು ಬೇಕಾದ ಮಗುವಿನಿಂದಲೇ ಕಸಿಯುತ್ತಿರುತ್ತೇವೆ.

4. “ಯೋಗ ಮಾತ್ರ ಮನಸ್ಸಿಗೆ, ಆಟ ಬರೀ ದೇಹಕ್ಕೆ.” ಯೋಗ ಸಂಶೋಧಕಿ ಶರ್ಲಿ ಟೆಲ್ಲಿಸ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 8–13 ವರ್ಷದ 98 ಶಾಲಾ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಯೋಗ, ಇನ್ನೊಂದಕ್ಕೆ ದೈಹಿಕ ವ್ಯಾಯಾಮ ಮೂರು ತಿಂಗಳು ಮಾಡಿಸಿದರು. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು. ಗೆಳೆಯರ ನಡುವಿನ ಆತ್ಮವಿಶ್ವಾಸಕ್ಕೆ ಸಂಬಂಧಿಸಿದ ಅಳತೆಯಲ್ಲಿ ವ್ಯಾಯಾಮದ ಗುಂಪೇ ಮುಂದಿತ್ತು. ಮಗುವಿಗೆ ಯಾವುದು ಇಷ್ಟವೋ ಅದನ್ನು ಮಾಡಲಿ. ಕಬಡ್ಡಿ ಆಡುವ ಹುಡುಗಿಯನ್ನು ನಿಲ್ಲಿಸಿ ಪ್ರಾಣಾಯಾಮಕ್ಕೆ ಕೂರಿಸಬೇಕಾದ ಅಗತ್ಯವಿಲ್ಲ.

ನಮ್ಮ ತರಗತಿಗೆ ಇದನ್ನು ತರುವುದು ಹೇಗೆ?

ಕೆನಡಾ, ನೆದರ್‌ಲ್ಯಾಂಡ್ಸ್‌ನ ತರಗತಿ ನಮ್ಮದರಂತಿಲ್ಲ, ನಿಜ. ನಮ್ಮಲ್ಲಿ ಐವತ್ತು ಮಕ್ಕಳ ಕೋಣೆಗಳಿವೆ, ಮೈದಾನವೇ ಇಲ್ಲದ ಶಾಲೆಗಳಿವೆ, ಪಿ.ಟಿ. ಮೇಷ್ಟ್ರ ಹುದ್ದೆ ಖಾಲಿ ಇರುವ ಊರುಗಳಿವೆ. ಆದರೆ ಈ ಅಧ್ಯಯನಗಳಲ್ಲಿ ಬಳಸಿದ್ದರಲ್ಲಿ ಬಹುಪಾಲು ದುಬಾರಿ ಸಾಮಾನು ಬೇಡದ ಕೆಲಸ.

*ಹೆಚ್ಚು ದಣಿಸಬೇಕಿಲ್ಲ.* ಸ್ಕಾಟ್ಲೆಂಡ್‌ನ ಸ್ಟರ್ಲಿಂಗ್ ಊರಿನ ಶಾಲೆಯೊಂದರಲ್ಲಿ 2012ರಲ್ಲಿ ಮುಖ್ಯೋಪಾಧ್ಯಾಯಿನಿ ಇಲೇನ್ ವೈಲಿ ಮಕ್ಕಳನ್ನು ದಿನಾ 15 ನಿಮಿಷ ಹೊರಗೆ ಕಳಿಸಿ, ಅವರವರ ವೇಗದಲ್ಲಿ ನಡೆಯಲು ಅಥವಾ ಓಡಲು ಬಿಟ್ಟರು. ‘ಡೈಲಿ ಮೈಲ್’ ಎಂದು ಹೆಸರಾದ ಈ ಪದ್ಧತಿ ಬೇರೆ ದೇಶಗಳಿಗೂ ಹರಡಿತು. ಮುಂದೆ ಬ್ರಿಟನ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ಮಕ್ಕಳೊಂದಿಗೆ ನಡೆದ ಅಧ್ಯಯನದಲ್ಲಿ, 15 ನಿಮಿಷ ತಮ್ಮಿಷ್ಟದ ವೇಗದಲ್ಲಿ ಓಡಾಡಿದ ಮಕ್ಕಳು ಸುಮ್ಮನೆ ಹೊರಗೆ ನಿಂತವರಿಗಿಂತ ಹೆಚ್ಚು ಎಚ್ಚರವಾಗಿದ್ದರು. ಸುಸ್ತಾಗಿ ಬೀಳುವವರೆಗೆ ಓಡಿಸಿದಾಗ ಅಷ್ಟು ಲಾಭ ಸಿಗಲಿಲ್ಲ.

*ಪಾಠಕ್ಕೇ ಕಾಲು ಕೊಡಿ.* ಕುಂಟೆಬಿಲ್ಲೆಯ ಮನೆಗಳಲ್ಲಿ 7, 14, 21 ಎಂದು ಬರೆದರೆ ಅದೇ ಏಳರ ಮಗ್ಗಿ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಸಂಖ್ಯಾರೇಖೆ ಎಳೆದು ಮೈನಸ್ ಮೂರರಿಂದ ಪ್ಲಸ್ ಎರಡಕ್ಕೆ ಜಿಗಿದ ಮಗುವಿಗೆ ಋಣಸಂಖ್ಯೆ ಎತ್ತ ಕಡೆ ಇದೆ ಎಂದು ಮತ್ತೆ ಹೇಳಬೇಕಾಗುವುದಿಲ್ಲ. ಕರ್ನಾಟಕಕ್ಕೆ ಇದು ಹೊಸದೇನಲ್ಲ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ ಪದ್ಧತಿಯಲ್ಲಿ ಚಿಕ್ಕ ಮಕ್ಕಳು ಸಾಲಾಗಿ ಕೂರುವುದಿಲ್ಲ. ಕಾರ್ಡು ತರಲು ಏಳುತ್ತಾರೆ, ಗುಂಪು ಬದಲಿಸುತ್ತಾರೆ, ಹಾಡುತ್ತಾ ಕುಣಿಯುತ್ತಾರೆ. ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ಅದೆಲ್ಲ ನಿಲ್ಲಬೇಕೆಂಬ ನಿಯಮ ಮೆದುಳಿಗೇನೂ ಇಲ್ಲ.

*ಜಾಗವಿಲ್ಲದಿದ್ದರೆ ಬೆಂಚಿನ ಪಕ್ಕದಲ್ಲೇ.* ಎದ್ದು ನಿಂತು ಎರಡು ನಿಮಿಷ ನಿಂತಲ್ಲೇ ಓಟ. ಸರಿ-ತಪ್ಪು ಪ್ರಶ್ನೆಗೆ ಕೈ ಎತ್ತುವ ಬದಲು, ಸರಿಯಾದರೆ ಜಿಗಿತ, ತಪ್ಪಾದರೆ ಕುಕ್ಕರು. ಗಾಲಿಕುರ್ಚಿಯಲ್ಲಿರುವ ಮಗು ಇದ್ದರೆ ಎಲ್ಲರಿಗೂ ಕೈಯಿಂದಲೇ ಮಾಡುವ ಚಲನೆ ಆರಿಸಿ. ಒಬ್ಬರು ನೋಡುತ್ತಾ ಕೂರುವಂತಾಗಬಾರದು.

*ಹೊತ್ತು ನೋಡಿ ಇಡಿ.* ಗಮನಕ್ಕೆ ಆಗುವ ಲಾಭ ಆಟದ ಬೆನ್ನಿಗೇ ಸಿಗುವಂಥದ್ದು. ಪಿ.ಟಿ.ಯನ್ನು ಸದಾ ದಿನದ ಕೊನೆಯ ಪೀರಿಯಡ್‌ಗೆ ತಳ್ಳಿದರೆ ಆ ಲಾಭ ಬಸ್‌ಸ್ಟಾಪಿಗೆ ಹೋಗುತ್ತದೆ. ಕಷ್ಟದ ವಿಷಯಕ್ಕಿಂತ ಮೊದಲು ಇಟ್ಟು ನೋಡಿ. ಬಿಸಿಲಿನ ತಿಂಗಳಲ್ಲಿ ಬೆಳಗ್ಗೆಯೇ ಮುಗಿಸಿ, ಕುಡಿಯಲು ನೀರಿಡಿ.

*ಹುಡುಗಿಯರನ್ನು ಮರೆಯಬೇಡಿ.* ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು. 146 ದೇಶಗಳ ಮಾಹಿತಿ ಸೇರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಂತೆ 11–17 ವಯಸ್ಸಿನ ಶೇ. 81ರಷ್ಟು ವಿದ್ಯಾರ್ಥಿಗಳಿಗೆ ಅಷ್ಟು ಸಿಗುತ್ತಿಲ್ಲ. ಹುಡುಗರಲ್ಲಿ ಇದು ಶೇ. 78, ಹುಡುಗಿಯರಲ್ಲಿ ಶೇ. 85. ನಮ್ಮಲ್ಲಿ ಎಂಟನೇ ತರಗತಿ ದಾಟಿದ ಹುಡುಗಿಯರು ಮೈದಾನದ ಅಂಚಿನಲ್ಲಿ ಮಾತಾಡುತ್ತಾ ಕೂತಿರುವುದು ಸಾಮಾನ್ಯ ದೃಶ್ಯ. ಓಡಲು ಆಗುವಂಥ ಬಟ್ಟೆ, ಬಾಗಿಲು ಭದ್ರವಾಗಿರುವ ಶೌಚಾಲಯ, ಹುಡುಗಿಯರಿಗೆಂದೇ ಮೀಸಲಾದ ಅರ್ಧ ಮೈದಾನ ಇದ್ದರೆ ಅವರೂ ಏಳುತ್ತಾರೆ.

ಕೊನೆಗೊಂದು ಲೆಕ್ಕ

ಪರೀಕ್ಷೆಗೆ ಹತ್ತು ವಾರ ಉಳಿದಿದೆ, ವಾರಕ್ಕೆ ಎರಡು ಪಿ.ಟಿ. ಪೀರಿಯಡ್, ಒಂದೊಂದು 40 ನಿಮಿಷ ಎಂದಿಟ್ಟುಕೊಳ್ಳಿ. ಎಲ್ಲವನ್ನೂ ರದ್ದು ಮಾಡಿದರೆ ಸಿಗುವುದು 800 ನಿಮಿಷ, ಅಂದರೆ ಹದಿಮೂರು ಗಂಟೆ ಚಿಲ್ಲರೆ. ಅದೇ ಹತ್ತು ವಾರದಲ್ಲಿ ಮಗು ತರಗತಿಯಲ್ಲಿ ಕೂರುವುದು ಮುನ್ನೂರು ಗಂಟೆಯ ಹತ್ತಿರ. ಆ ಮುನ್ನೂರು ಗಂಟೆಗಳಲ್ಲಿ ಮಗುವಿನ ಗಮನ ಎಷ್ಟು ಹೊತ್ತು ಪಾಠದ ಮೇಲಿರುತ್ತದೆ ಎಂಬುದು ಈ ಹದಿಮೂರು ಗಂಟೆಗಿಂತ ದೊಡ್ಡ ಪ್ರಶ್ನೆ.

ಮುಂದಿನ ಸಲ ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿ ನೋಡಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: “ಈ ವಾರ ಮಕ್ಕಳು ಎಷ್ಟು ದಿನ ಮೈದಾನಕ್ಕೆ ಇಳಿದರು?” ಶಿಕ್ಷಕರಿಗೂ ಇದರಿಂದ ಅನುಕೂಲ. ಪಿ.ಟಿ. ಪೀರಿಯಡ್ ಉಳಿಸಿಕೊಳ್ಳಬೇಕೆಂದು ಮನಸ್ಸಿದ್ದರೂ ಪೋಷಕರು ಏನೆನ್ನುತ್ತಾರೋ ಎಂದು ಹಿಂಜರಿಯುವವರು ಅವರಲ್ಲಿ ಅನೇಕರಿದ್ದಾರೆ.